ಹತ್ತು ಮಂದಿಯ ನಿದ್ದೆಯ ಲೆಕ್ಕ

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಎಂಬ ಊರಿನಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆಯೊಂದಿತ್ತು. ಇಪ್ಪತ್ತನೆಯ ಶತಮಾನ ಆಗಷ್ಟೇ ಶುರುವಾಗಿದ್ದ ದಿನಗಳು. ಅಲ್ಲಿನ ಕೆಲವು ರೋಗಿಗಳಿಗೆ ಬೇರೆ ಬೇರೆ ರಾತ್ರಿ ಬೇರೆ ಬೇರೆ ನಿದ್ದೆ ಔಷಧಿ ಕೊಟ್ಟರು. ಔಷಧಿ ಇಲ್ಲದ ರಾತ್ರಿಗಳಿಗಿಂತ ಯಾರು ಎಷ್ಟು ಹೊತ್ತು ಹೆಚ್ಚಿಗೆ ಮಲಗಿದರು ಎಂದು ಬರೆದಿಟ್ಟುಕೊಂಡರು. ಕುಷ್ನಿ ಮತ್ತು ಪೀಬಲ್ಸ್ ಎಂಬ ಇಬ್ಬರು 1905ರಲ್ಲಿ ಆ ಅಂಕಿಗಳನ್ನು ಅಚ್ಚು ಹಾಕಿಸಿದರು. ಮೂರು ವರ್ಷದ ನಂತರ ಅದರಲ್ಲಿ ಹತ್ತು ಮಂದಿಯ ಲೆಕ್ಕ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರರೊಬ್ಬರ ಲೇಖನದಲ್ಲಿ ಉದಾಹರಣೆಯಾಗಿ ಬಂತು. ಇವತ್ತು ಮನಃಶಾಸ್ತ್ರದ ವಿದ್ಯಾರ್ಥಿಗಳು ಎರಡನೇ ಯೋಚನೆಯಿಲ್ಲದೆ ಕಂಪ್ಯೂಟರ್‌ನಲ್ಲಿ ಒತ್ತುವ ‘ಟಿ-ಟೆಸ್ಟ್’ ಹುಟ್ಟಿದ್ದು ಆ ಲೇಖನದಲ್ಲಿ.

ಆ ಅಂಕಿಗಳನ್ನು ಇಲ್ಲೇ ಬರೆಯುತ್ತೇನೆ. ಓದುವವರು ಒಂದು ಚೀಟಿಯ ಮೇಲೆ ಇಳಿಸಿಕೊಂಡರೆ ಒಳ್ಳೆಯದು. ಮೊದಲ ಔಷಧಿಯಿಂದ ಹತ್ತು ಮಂದಿಗೆ ಹೆಚ್ಚಾಗಿ ಸಿಕ್ಕ ನಿದ್ದೆ, ಗಂಟೆಗಳ ಲೆಕ್ಕದಲ್ಲಿ: 0.7, −1.6, −0.2, −1.2, −0.1, 3.4, 3.7, 0.8, 0, 2.0. ಅದೇ ಹತ್ತು ಮಂದಿಗೆ, ಅದೇ ಕ್ರಮದಲ್ಲಿ, ಎರಡನೆಯ ಔಷಧಿಯಿಂದ: 1.9, 0.8, 1.1, 0.1, −0.1, 4.4, 5.5, 1.6, 4.6, 3.4. ಮೈನಸ್ ಗುರುತು ಇದ್ದಲ್ಲಿ ಆ ರೋಗಿ ಔಷಧಿ ತೆಗೆದುಕೊಂಡೂ ಕಡಿಮೆಯೇ ಮಲಗಿದ್ದಾರೆ.

ಮೊದಲ ಸಾಲಿನ ಸರಾಸರಿ 0.75 ಗಂಟೆ, ಎರಡನೆಯದರದು 2.33 ಗಂಟೆ. ನಡುವಿನ ಅಂತರ 1.58, ಅಂದರೆ ಒಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು. ಪತ್ರಿಕೆಯ ಸುದ್ದಿಯಾಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು: ಎರಡನೆಯ ಔಷಧಿ ಮೇಲು. ಆದರೆ ಮತ್ತೊಮ್ಮೆ ಸಾಲುಗಳನ್ನು ನೋಡಿ. ಒಂದೇ ಔಷಧಿ ಒಬ್ಬರಿಗೆ ಮೂರೂಮುಕ್ಕಾಲು ಗಂಟೆ ಹೆಚ್ಚು ನಿದ್ದೆ ಕೊಟ್ಟಿದೆ, ಇನ್ನೊಬ್ಬರ ನಿದ್ದೆಯಿಂದ ಒಂದೂವರೆ ಗಂಟೆ ಕಿತ್ತುಕೊಂಡಿದೆ. 0.75 ಎಂಬ ಸರಾಸರಿಗೆ ಹತ್ತಿರವಿರುವವರು ಹತ್ತರಲ್ಲಿ ಇಬ್ಬರೇ. ಮಿಕ್ಕವರೆಲ್ಲ ಚೆದುರಿಹೋಗಿದ್ದಾರೆ.

ಈ ಚೆದುರುವಿಕೆಯೇ ಮನಃಶಾಸ್ತ್ರದ ನಿಜವಾದ ಸರಕು ಎಂದು ನಾನು ನಂಬಿದ್ದೇನೆ. ಸಂಖ್ಯಾಶಾಸ್ತ್ರದ ಪಾಠ ನಮ್ಮಲ್ಲಿ ಸರಾಸರಿ, ಮಧ್ಯಾಂಕ, ಬಹುಲಕಗಳಿಂದ ಶುರುವಾಗಿ, ಅರ್ಧ ವರ್ಷ ಕಳೆದ ಮೇಲೆ ಹರವಿನ ಕಡೆಗೆ ತಿರುಗುತ್ತದೆ. ಅಷ್ಟರಲ್ಲಿ, ಪಿಯುಸಿಯಲ್ಲಿ ಕಲಾ ವಿಭಾಗ ಓದಿ, ಗಣಿತದ ಕಾಟ ತಪ್ಪಿತೆಂದು ಮನಃಶಾಸ್ತ್ರ ಹಿಡಿದವರು ಈ ಪತ್ರಿಕೆಯನ್ನು ಹೇಗಾದರೂ ಪಾಸು ಮಾಡಿದರೆ ಸಾಕು ಎಂಬ ತೀರ್ಮಾನಕ್ಕೆ ಬಂದಿರುತ್ತಾರೆ. ಒಬ್ಬ ಮನುಷ್ಯ ಇನ್ನೊಬ್ಬನಂತಿಲ್ಲ, ನಿನ್ನೆಯ ನಾನು ಇವತ್ತಿನ ನನ್ನಂತಿಲ್ಲ ಎಂಬ ಮಾತಿನಿಂದ ಪಾಠ ಶುರುವಾದರೆ ಆ ವಿದ್ಯಾರ್ಥಿಗಳು ಬೆಚ್ಚುವುದಿಲ್ಲ. ಅವರು ಈ ವಿಷಯ ಆರಿಸಿಕೊಂಡಿದ್ದೇ ಆ ಕುತೂಹಲದಿಂದ.

ಒಂದೇ ಅಂಕಿ, ಎರಡು ಉತ್ತರ

ಹರವನ್ನು ಅಳೆಯುವ ವಾಡಿಕೆಯ ಅಳತೆ ಮಾನಕ ವಿಚಲನೆ. ವಿದ್ಯಾರ್ಥಿಗಳ ಬಾಯಲ್ಲಿ ಅದು ‘ಎಸ್‌ಡಿ’. ಪ್ರತಿಯೊಬ್ಬರೂ ಸರಾಸರಿಯಿಂದ ಎಷ್ಟು ದೂರ ಇದ್ದಾರೆ ಎಂದು ನೋಡಿ, ಆ ದೂರಗಳನ್ನು ವರ್ಗ ಮಾಡಿ, ಕೂಡಿಸಿ, ಒಂಬತ್ತರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸಿಗುವುದು ಅದು. ಹತ್ತು ಮಂದಿ ಇರುವಾಗ ಒಂಬತ್ತು ಯಾಕೆ ಎಂದು ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಸರಾಸರಿಯಿಂದ ಇರುವ ದೂರಗಳನ್ನೆಲ್ಲ ಪ್ಲಸ್ಸು ಮೈನಸ್ಸು ಸಮೇತ ಕೂಡಿಸಿದರೆ ಯಾವಾಗಲೂ ಸೊನ್ನೆಯೇ ಬರುತ್ತದೆ. ಆದ್ದರಿಂದ ಒಂಬತ್ತು ಗೊತ್ತಾದರೆ ಹತ್ತನೆಯದು ತಾನಾಗಿ ಗೊತ್ತಾದಂತೆ. ಹೊಸ ಸುದ್ದಿ ಹೇಳುವ ಅಂಕಿಗಳು ಒಂಬತ್ತೇ.

ನಮ್ಮ ಮೊದಲ ಸಾಲಿನ ಎಸ್‌ಡಿ 1.79 ಗಂಟೆ, ಎರಡನೆಯದರದು 2.00 ಗಂಟೆ. ಸರಾಸರಿಗಳ ನಡುವಿನ ಅಂತರವೇ 1.58. ಅಂದರೆ ಔಷಧಿ ಔಷಧಿಗಳ ನಡುವಿನ ವ್ಯತ್ಯಾಸಕ್ಕಿಂತ ಮನುಷ್ಯ ಮನುಷ್ಯರ ನಡುವಿನ ವ್ಯತ್ಯಾಸ ದೊಡ್ಡದು. ಈ ಇಪ್ಪತ್ತು ಅಂಕಿಗಳು ಇಪ್ಪತ್ತು ಬೇರೆ ಬೇರೆ ಜನರದು ಎಂದು ಭಾವಿಸಿ ಲೆಕ್ಕ ಹಾಕಿ ನೋಡಿ. ಅಂತರ 1.58ನ್ನು ಅದರ ಮಾನಕ ದೋಷವಾದ, ಅಂದರೆ ಆ ಅಂದಾಜು ಎಷ್ಟು ತೂಗಾಡಬಹುದು ಎಂಬುದರ ಅಳತೆಯಾದ, 0.85ರಿಂದ ಭಾಗಿಸಿದರೆ ಟಿ ಬೆಲೆ 1.86 ಬರುತ್ತದೆ, ಪಿ-ವ್ಯಾಲ್ಯೂ (ಇದರ ಅರ್ಥ ಮುಂದೆ ಬರುತ್ತದೆ) 0.08ರ ಹತ್ತಿರ. ವಾಡಿಕೆಯ 0.05ರ ಗೆರೆ ದಾಟಲಿಲ್ಲವೆಂದು ವಿದ್ಯಾರ್ಥಿ ವರದಿಯಲ್ಲಿ ‘ವ್ಯತ್ಯಾಸ ಕಂಡುಬಂದಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುತ್ತಾನೆ.

ಈಗ ಅದೇ ಅಂಕಿಗಳನ್ನು, ಅವು ನಿಜವಾಗಿ ಇದ್ದಂತೆ, ಹತ್ತೇ ಜನರ ಜೋಡಿ ಅಂಕಿಗಳೆಂದು ನೋಡಿ. ಪ್ರತಿ ರೋಗಿಯ ಎರಡನೇ ಅಂಕಿಯಿಂದ ಮೊದಲನೆಯದನ್ನು ಕಳೆಯಿರಿ: 1.2, 2.4, 1.3, 1.3, 0, 1.0, 1.8, 0.8, 4.6, 1.4. ಸರಾಸರಿ ಅದೇ 1.58. ಆದರೆ ಎಸ್‌ಡಿ 1.23ಕ್ಕೆ ಇಳಿದಿದೆ, ಮಾನಕ ದೋಷ 0.39ಕ್ಕೆ. ಟಿ ಬೆಲೆ 4.06ಕ್ಕೆ ನೆಗೆಯಿತು, ಪಿ-ವ್ಯಾಲ್ಯೂ 0.003ಕ್ಕೆ ಕುಸಿಯಿತು. ಒಂದು ಅಂಕಿಯನ್ನೂ ಬದಲಾಯಿಸಿಲ್ಲ. ಔಷಧಿಗೆ ಬೇಗ ಬಗ್ಗುವವರಿಗೆ ಹೆಚ್ಚುಕಡಿಮೆ ಎರಡೂ ಔಷಧಿಯಲ್ಲಿ ಹೆಚ್ಚು ನಿದ್ದೆ ಸಿಕ್ಕಿತು, ಬಗ್ಗದವರಿಗೆ ಎರಡರಲ್ಲೂ ಕಡಿಮೆ ಸಿಕ್ಕಿತು. ಆ ಹುಟ್ಟುಗುಣದ ಏರಿಳಿತವನ್ನು ಕಳೆಯುವ ಲೆಕ್ಕ ನುಂಗಿಬಿಟ್ಟಿತು. ಉಳಿದದ್ದು ಔಷಧಿಯ ಕೆಲಸ, ಜೊತೆಗೆ ಒಂದಿಷ್ಟು ಗದ್ದಲ.

ಮನಃಶಾಸ್ತ್ರದ ಪ್ರಯೋಗಗಳಲ್ಲಿ ಒಬ್ಬರನ್ನೇ ಎರಡು ಸಲ ಪರೀಕ್ಷಿಸುವ ಪದ್ಧತಿ ಇಷ್ಟು ಬೇರೂರಿರುವುದಕ್ಕೆ ಕಾರಣ ಇದು. ಜೋಡಿ ಟಿ-ಟೆಸ್ಟ್ ಯಾವುದು, ಬಿಡಿ ಟಿ-ಟೆಸ್ಟ್ ಯಾವುದು ಎಂದು ಎಸ್‌ಪಿಎಸ್‌ಎಸ್ ತಂತ್ರಾಂಶದ ಮೆನುವಿನಲ್ಲಿ ಹುಡುಕುವುದಕ್ಕೆ ಮೊದಲು ವಿದ್ಯಾರ್ಥಿ ಈ ಇಪ್ಪತ್ತು ಅಂಕಿಗಳನ್ನು ಒಮ್ಮೆ ಕೈಯಾರೆ ಕಳೆದು ನೋಡಿದರೆ ಆಮೇಲೆ ಬಾಯಿಪಾಠ ಬೇಕಾಗುವುದಿಲ್ಲ.

ಒಂಬತ್ತನೆಯ ರೋಗಿಯ 4.6 ಕಣ್ಣಿಗೆ ಕುಟ್ಟುತ್ತದೆ, ಅಲ್ಲವೇ? ಮಿಕ್ಕವರದೆಲ್ಲ ಎರಡೂವರೆಯೊಳಗೆ ಇರುವಾಗ ಇವರೊಬ್ಬರದು ಅಷ್ಟೊಂದು. ಸರಾಸರಿಯನ್ನು ಎಳೆದದ್ದು ಇವರೇ. ಮಧ್ಯಾಂಕ ನೋಡಿದರೆ 1.3 ಮಾತ್ರ. ಎರಡನೆಯ ಔಷಧಿಯ ಪರವಾಗಿ ಅತಿ ಜೋರಾಗಿ ಸಾಕ್ಷಿ ಹೇಳುತ್ತಿರುವ ಇವರನ್ನು ಪಟ್ಟಿಯಿಂದ ಕೈಬಿಟ್ಟರೆ ಸಾಕ್ಷ್ಯ ದುರ್ಬಲವಾಗಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗುವುದು ತದ್ವಿರುದ್ಧ. ಒಂಬತ್ತು ಮಂದಿಯ ಸರಾಸರಿ 1.24ಕ್ಕೆ ಇಳಿಯುತ್ತದೆ, ಆದರೆ ಎಸ್‌ಡಿ ಅರ್ಧಕ್ಕರ್ಧ ಕುಗ್ಗಿ 0.66 ಆಗುತ್ತದೆ, ಟಿ ಬೆಲೆ 5.7ರವರೆಗೆ ಏರುತ್ತದೆ. ಅಂತರ ಎಷ್ಟು ಎಂಬುದಕ್ಕಿಂತ, ಹರವಿಗೆ ಹೋಲಿಸಿದರೆ ಆ ಅಂತರ ಎಷ್ಟು ಎಂಬುದನ್ನೇ ಟಿ ಬೆಲೆ ಕೇಳುತ್ತದೆ. ಇದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಪಠ್ಯಪುಸ್ತಕಗಳಲ್ಲಿ ಸಿಕ್ಕಿಲ್ಲ.

ಬಿಯರ್ ಕಾರ್ಖಾನೆಯ ‘ವಿದ್ಯಾರ್ಥಿ’

ಆ ಲೇಖನ ಬರೆದವರು ವಿಲಿಯಂ ಸೀಲಿ ಗಾಸೆಟ್. ಆಕ್ಸ್‌ಫರ್ಡ್‌ನಲ್ಲಿ ರಸಾಯನಶಾಸ್ತ್ರ ಮತ್ತು ಗಣಿತ ಓದಿ 1899ರಲ್ಲಿ ಗಿನ್ನೆಸ್ ಸೇರಿದವರು. ಬಾರ್ಲಿಯ ತಳಿ, ಹಾಪ್ಸ್ ಹೂವಿನ ಗುಣ ಇವನ್ನೆಲ್ಲ ಹೋಲಿಸಿ ನೋಡುವುದು ಅವರ ಕೆಲಸ. ನೂರಾರು ಮಾದರಿ ಸಿಗುವ ಮಾತೇ ಇಲ್ಲ. ನಾಲ್ಕೋ ಹತ್ತೋ ಸಿಕ್ಕರೆ ದೊಡ್ಡದು. ಆಗ ಚಾಲ್ತಿಯಲ್ಲಿದ್ದ ಲೆಕ್ಕಗಳೆಲ್ಲ ದೊಡ್ಡ ಮಾದರಿಗೆ ಹೊಂದುವಂಥವು. ಸಣ್ಣ ಮಾದರಿಯಲ್ಲಿ ಎಸ್‌ಡಿಯನ್ನೇ ನಂಬುವ ಹಾಗಿಲ್ಲ, ಅದೂ ಅದೃಷ್ಟದ ಮೇಲೆ ಹಿಗ್ಗುತ್ತದೆ, ಕುಗ್ಗುತ್ತದೆ ಎಂಬುದನ್ನು ಗಾಸೆಟ್ ಗುರುತಿಸಿದರು. ಆ ಅನಿಶ್ಚಿತತೆಯನ್ನೂ ಲೆಕ್ಕಕ್ಕೆ ತಂದುಕೊಂಡರು. ಕಾರ್ಖಾನೆಯ ಗುಟ್ಟು ಹೊರಬೀಳಬಾರದೆಂಬ ಕಟ್ಟುಪಾಡಿನಿಂದಾಗಿ ಸ್ವಂತ ಹೆಸರಿನಲ್ಲಿ ಬರೆಯುವಂತಿರಲಿಲ್ಲ. ‘ಬಯೊಮೆಟ್ರಿಕಾ’ ಪತ್ರಿಕೆಯಲ್ಲಿ 1908ರಲ್ಲಿ ಲೇಖನ ಬಂದದ್ದು ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ. ಇವತ್ತಿಗೂ ‘ಸ್ಟೂಡೆಂಟ್ಸ್ ಟಿ-ಟೆಸ್ಟ್’ ಎನ್ನುವುದು ಅದರಿಂದಲೇ. ಈಗ ನಾವು ಬಳಸುವ ರೂಪ ಕೊಟ್ಟವರು ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಷರ್. ಅವರ 1925ರ ಪುಸ್ತಕದಲ್ಲೂ ಇದೇ ಹತ್ತು ರೋಗಿಗಳ ನಿದ್ದೆ ಕಾಣಿಸುತ್ತದೆ. ಮೂಲ ಪ್ರಬಂಧವನ್ನು ತೆರೆದು ನೋಡಿದ ನಂತರದ ಸಂಶೋಧಕರಿಗೆ ಗಾಸೆಟ್ ಬರೆದ ಔಷಧಿಗಳ ಹೆಸರೇ ತಪ್ಪು ಎಂದು ತಿಳಿಯಿತು. ಸಂಖ್ಯೆಗಳು ಸರಿಯಿದ್ದವು, ತಲೆಬರಹ ತಪ್ಪಿತ್ತು. ಲೆಕ್ಕ ಎಷ್ಟು ನಿಖರವಾಗಿದ್ದರೂ ಅಂಕಿ ಎಲ್ಲಿಂದ ಬಂತು ಎಂದು ಮೂಲಕ್ಕೆ ಹೋಗಿ ನೋಡುವ ಕೆಲಸವನ್ನು ಯಾವ ಸೂತ್ರವೂ ನಮಗಾಗಿ ಮಾಡಿಕೊಡುವುದಿಲ್ಲ.

ಇನ್ನು ಪಿ-ವ್ಯಾಲ್ಯೂ. ಈ ಒಂದು ಕಲ್ಪನೆಯನ್ನು ತಪ್ಪು ತಿಳಿದಷ್ಟು ಇನ್ಯಾವುದನ್ನೂ ಮನಃಶಾಸ್ತ್ರಜ್ಞರು ತಪ್ಪು ತಿಳಿದಿಲ್ಲ. ಸೂತ್ರವನ್ನು ಬದಿಗಿಟ್ಟು ನಮ್ಮ ಹತ್ತು ಮಂದಿಯ ಬಳಿಗೇ ಹೋಗೋಣ. ಎರಡು ಔಷಧಿಗಳಿಗೂ ನಿಜವಾಗಿ ವ್ಯತ್ಯಾಸವೇ ಇಲ್ಲ ಎಂದು ಸದ್ಯಕ್ಕೆ ಒಪ್ಪಿಕೊಳ್ಳಿ. ಶೂನ್ಯ ಪ್ರಾಕ್ಕಲ್ಪನೆ ಎಂದರೆ ಇದೇ. ಹಾಗಿದ್ದರೆ ಯಾವುದೇ ರೋಗಿಗೆ ಎರಡನೆಯದರಲ್ಲಿ ಹೆಚ್ಚು ನಿದ್ದೆ ಬರುವುದೂ ಕಡಿಮೆ ಬರುವುದೂ ನಾಣ್ಯ ಚಿಮ್ಮಿದಷ್ಟೇ ಆಕಸ್ಮಿಕ. ಒಬ್ಬರಿಗೆ ಎರಡೂ ಒಂದೇ ಆಗಿತ್ತು, ಅವರನ್ನು ಬಿಡಿ. ಉಳಿದ ಒಂಬತ್ತೂ ಮಂದಿ ಎರಡನೆಯದರಲ್ಲೇ ಹೆಚ್ಚು ಮಲಗಿದ್ದಾರೆ. ಒಂಬತ್ತು ಸಲ ಚಿಮ್ಮಿ ಒಂಬತ್ತೂ ಸಲ ರಾಜನ ತಲೆಯೇ ಬೀಳುವ ಸಾಧ್ಯತೆ 512ರಲ್ಲಿ 1. ಮೊದಲನೆಯ ಔಷಧಿಯೇ ಒಂಬತ್ತೂ ಸಲ ಗೆದ್ದಿದ್ದರೂ ನಾವು ಇಷ್ಟೇ ಬೆರಗಾಗುತ್ತಿದ್ದೆವು, ಆದ್ದರಿಂದ ಅದನ್ನೂ ಸೇರಿಸಿದರೆ 256ರಲ್ಲಿ 1, ಅಂದರೆ 0.004. ಇದೂ ಒಂದು ಪಿ-ವ್ಯಾಲ್ಯೂ. ಪಿಯುಸಿಯ ಲೆಕ್ಕಕ್ಕಿಂತ ಹೆಚ್ಚಿನದೇನೂ ಇಲ್ಲಿ ಬೇಕಾಗಲಿಲ್ಲ.

‘ವ್ಯತ್ಯಾಸ ಇಲ್ಲ’ ಎಂದು ಇಟ್ಟುಕೊಂಡರೆ ಇಂಥ ಫಲಿತಾಂಶ ಎಷ್ಟು ಅಪರೂಪ ಎಂದು ಪಿ-ವ್ಯಾಲ್ಯೂ ಹೇಳುತ್ತದೆ. ಇಂಥ ಫಲಿತಾಂಶ ಬಂದ ಮೇಲೆ ‘ವ್ಯತ್ಯಾಸ ಇಲ್ಲ’ ಎಂಬುದು ಎಷ್ಟು ನಿಜ ಎಂದು ಅದು ಹೇಳುವುದಿಲ್ಲ. ಎರಡೂ ಒಂದೇ ಎಂದು ಅನ್ನಿಸಿದರೆ, ಮನಃಶಾಸ್ತ್ರದ್ದೇ ಉದಾಹರಣೆ ತೆಗೆದುಕೊಳ್ಳಿ. ಖಿನ್ನತೆಯಿಂದ ಬಳಲುವವರಲ್ಲಿ ಬಹಳ ಮಂದಿಗೆ ನಿದ್ದೆಯ ತೊಂದರೆ ಇರುತ್ತದೆ. ಹಾಗೆಂದು ನಿದ್ದೆಯ ತೊಂದರೆ ಇರುವವರಲ್ಲಿ ಬಹಳ ಮಂದಿಗೆ ಖಿನ್ನತೆ ಇದೆ ಎನ್ನಲಾದೀತೆ? ಹೊಸ ಕೂಸಿನ ತಾಯಿಗೂ ರಾತ್ರಿ ಪಾಳಿಯ ಕಾವಲುಗಾರನಿಗೂ ನಿದ್ದೆ ಇಲ್ಲ. ವಾಕ್ಯವನ್ನು ತಿರುಗಿಸಿದರೆ ಅರ್ಥ ಬೇರೆಯಾಗುತ್ತದೆ. ಸ್ವತಃ ಗಾಸೆಟ್ ತಮ್ಮ ಲೇಖನದಲ್ಲಿ ಎರಡನೆಯ ಔಷಧಿ ಮೇಲೆಂಬುದಕ್ಕೆ 666ಕ್ಕೆ 1ರಷ್ಟು ಸಂಭವ ಎಂಬ ಧಾಟಿಯಲ್ಲಿ ಬರೆದಿದ್ದರು. ವಾಕ್ಯವನ್ನು ಅವರೂ ತಿರುಗಿಸಿಯೇ ಓದಿದ್ದರು ಎಂದಾಯಿತು.

ನನ್ನನ್ನು ಕೇಳಿದರೆ ವರದಿಯಲ್ಲಿ ಪಿ-ವ್ಯಾಲ್ಯೂಗಿಂತ ಮೊದಲು ಬರೆಯಬೇಕಾದ್ದು ಅಂತರ ಎಷ್ಟು ಮತ್ತು ಅದು ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬುದು. ನಮ್ಮ ಲೆಕ್ಕದಲ್ಲಿ 95% ವಿಶ್ವಾಸದ ವ್ಯಾಪ್ತಿ 0.70 ಗಂಟೆಯಿಂದ 2.46 ಗಂಟೆ. ಸುಮಾರು 40 ನಿಮಿಷದಿಂದ ಎರಡೂವರೆ ಗಂಟೆ. ನಿದ್ದೆ ಬಾರದೆ ಒದ್ದಾಡುವವರಿಗೆ, ಅವರನ್ನು ನೋಡಿಕೊಳ್ಳುವ ವೈದ್ಯರಿಗೆ ಇದು ಅರ್ಥವಾಗುವ ಭಾಷೆ. 0.003 ಎಂದರೆ ಅವರಿಗೇನು ತಿಳಿಯಬೇಕು?

ಮೈಸೂರಿನ ದಾರಿ

ಸಂಖ್ಯಾಶಾಸ್ತ್ರವೆಂಬುದು ಯಾರೋ ಗಣಿತದವರು ಮನಃಶಾಸ್ತ್ರದ ಮೇಲೆ ಹೇರಿದ ಹೊರೆ ಎಂಬ ಭಾವನೆ ನಮ್ಮ ಕಾಲೇಜುಗಳಲ್ಲಿದೆ. ಚರಿತ್ರೆ ಬೇರೆಯೇ ಹೇಳುತ್ತದೆ. ಸೈನ್ಯದಲ್ಲಿ ಅಧಿಕಾರಿಯಾಗಿದ್ದು ಆಮೇಲೆ ಮನಃಶಾಸ್ತ್ರಕ್ಕೆ ಬಂದ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಬರೆದ ಎರಡು ಲೇಖನಗಳು ಸಹಸಂಬಂಧದ ಲೆಕ್ಕಕ್ಕೆ ಹೊಸ ದಿಕ್ಕು ಕೊಟ್ಟವು. ರ‍್ಯಾಂಕ್‌ಗಳ ಸಹಸಂಬಂಧಕ್ಕೆ ಇವತ್ತಿಗೂ ಅವರದೇ ಹೆಸರು. ಒಂದು ವಿಷಯದಲ್ಲಿ ಚೆನ್ನಾಗಿ ಅಂಕ ಪಡೆಯುವ ಮಗು ಬೇರೆ ವಿಷಯದಲ್ಲೂ ಪಡೆಯುವ ಒಲವು ತೋರುತ್ತದೆ, ಅದರ ಹಿಂದೆ ಒಂದು ಸಾಮಾನ್ಯ ಬುದ್ಧಿಶಕ್ತಿ ಇದೆ ಎಂಬ ಅವರ ವಾದ ಸರಿಯೋ ತಪ್ಪೋ ಎಂಬ ಜಗಳ ನೂರು ವರ್ಷ ನಡೆದಿದೆ. ಆ ಜಗಳದಿಂದಲೇ ಫ್ಯಾಕ್ಟರ್ ಅನಾಲಿಸಿಸ್ ಬೆಳೆಯಿತು.

ಆ ಸ್ಪಿಯರ್‌ಮನ್ ಬಳಿ ಲಂಡನ್ನಿನಲ್ಲಿ ಓದಿ ಬಂದವರು ನಮ್ಮ ಎಂ. ವಿ. ಗೋಪಾಲಸ್ವಾಮಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು ಅವರ ಕೈಯಲ್ಲಿ. ಕನ್ನಡಿಗರು ಅವರನ್ನು ನೆನೆಯುವುದು 1935ರಲ್ಲಿ ಮೈಸೂರಿನಲ್ಲಿ ಸ್ವಂತ ಆಸಕ್ತಿಯಿಂದ ‘ಆಕಾಶವಾಣಿ’ ನಿಲಯ ಆರಂಭಿಸಿದವರೆಂದು. ಅವರು ಪ್ರಯೋಗ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದು ಮರೆತೇಹೋಗಿದೆ. ವಿಭಾಗ ಶುರುವಾದಾಗ ಮೈಸೂರಿನ ಕುಲಪತಿಯಾಗಿದ್ದವರು ತತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್. ಅದಕ್ಕೂ ಮೊದಲು ಕಲ್ಕತ್ತೆಯಲ್ಲಿದ್ದಾಗ, ಭೌತಶಾಸ್ತ್ರ ಓದಿ ಬಂದಿದ್ದ ಪ್ರಶಾಂತಚಂದ್ರ ಮಹಾಲನೋಬಿಸ್ ಎಂಬ ತರುಣನಿಗೆ ವಿಶ್ವವಿದ್ಯಾಲಯದ ಪರೀಕ್ಷಾ ಫಲಿತಾಂಶಗಳನ್ನು ಸಂಖ್ಯಾಶಾಸ್ತ್ರದ ಕಣ್ಣಿನಿಂದ ನೋಡುವ ಕೆಲಸ ಹಚ್ಚಿದ್ದೂ ಇದೇ ಸೀಲ್. ಮಹಾಲನೋಬಿಸ್ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದರು. ಭಾರತದಲ್ಲಿ ಸಂಖ್ಯಾಶಾಸ್ತ್ರ ಕಣ್ಣುಬಿಡುವಾಗ ಅದರ ಎದುರಿಗಿದ್ದ ಮೊದಮೊದಲ ಅಂಕಿಗಳಲ್ಲಿ ವಿದ್ಯಾರ್ಥಿಗಳ ಅಂಕಪಟ್ಟಿಗಳಿದ್ದವು.

ಸ್ಪಿಯರ್‌ಮನ್ 1904ರಲ್ಲೇ ಹೇಳಿದ ಇನ್ನೊಂದು ಮಾತನ್ನು ವಿದ್ಯಾರ್ಥಿಗಳು ತಲೆಯಲ್ಲಿಟ್ಟುಕೊಂಡರೆ ಬಹಳ ಉಪಯೋಗ. ಅಳತೆಗೋಲು ಸಡಿಲವಾಗಿದ್ದರೆ ಸಂಬಂಧ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ಆತಂಕಕ್ಕೂ ನಿದ್ರಾಹೀನತೆಗೂ ನಿಜವಾದ ಸಹಸಂಬಂಧ 0.6 ಇದೆ ಎನ್ನಿ. ಎರಡನ್ನೂ ಅಳೆಯುವ ಪ್ರಶ್ನಾವಳಿಗಳ ವಿಶ್ವಾಸಾರ್ಹತೆ ತಲಾ 0.7 ಇದ್ದರೆ ನಮ್ಮ ಕೈಗೆ ಬರುವುದು 0.42 ಮಾತ್ರ. ಸಂಬಂಧ ದುರ್ಬಲವೋ ಪ್ರಶ್ನಾವಳಿ ದುರ್ಬಲವೋ ಎಂದು ಕೇಳದೆ ತೀರ್ಮಾನ ಬರೆದವರು ಲೆಕ್ಕವಿಲ್ಲದಷ್ಟು. ಸಹಸಂಬಂಧ ಇದ್ದ ಮಾತ್ರಕ್ಕೆ ಕಾರಣ ಎನ್ನಲಾಗದು ಎಂಬುದನ್ನು ಎಲ್ಲರೂ ಕೇಳಿ ಕೇಳಿ ಪಳಗಿದ್ದಾರೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಮೂವತ್ತು ಹುಡುಗರು, ಮೂವತ್ತು ಹುಡುಗಿಯರು

ಎಂ.ಎಸ್‌ಸಿ. ಕೊನೆಯ ವರ್ಷದ ಡಿಸರ್ಟೇಶನ್‌ಗಳ ಶೀರ್ಷಿಕೆಗಳನ್ನು ಓದಿದವರಿಗೆ ಒಂದು ಅಚ್ಚು ಗೊತ್ತು. ಯಾವುದೋ ಒಂದು ಗುಣ, ಅದರಲ್ಲಿ ಹುಡುಗ–ಹುಡುಗಿಯರ ನಡುವಿನ ವ್ಯತ್ಯಾಸ, ತಲಾ ಮೂವತ್ತು ಮಂದಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಗೂಗಲ್ ಫಾರ್ಮ್. ಮೂವತ್ತು ಇದ್ದರೆ ಸಾಕು ಎಂಬ ನಂಬಿಕೆ ಹೇಗೋ ಗಟ್ಟಿಯಾಗಿಬಿಟ್ಟಿದೆ.

ಜೇಕಬ್ ಕೋಹೆನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ಈ ನಂಬಿಕೆಯ ವಿರುದ್ಧ ಬದುಕಿಡೀ ಬರೆದರು. ಅಂತರವನ್ನು ಎಸ್‌ಡಿಯಿಂದ ಭಾಗಿಸಿ ಪರಿಣಾಮದ ಗಾತ್ರ ಹೇಳುವ ವಾಡಿಕೆ ಅವರಿಂದ ಹರಡಿತು. 0.2 ಸಣ್ಣದು, 0.5 ಮಧ್ಯಮ, 0.8 ದೊಡ್ಡದು ಎಂಬ ಒರಟು ಗುರುತುಗಳೂ ಅವರವೇ. ಮಧ್ಯಮ ಗಾತ್ರದ ವ್ಯತ್ಯಾಸ ಎಂದರೂ ಎಷ್ಟು ಎಂದು ನೋಡಿ: ಎರಡು ಗುಂಪಿನಿಂದ ಒಬ್ಬೊಬ್ಬರನ್ನು ಕಣ್ಣುಮುಚ್ಚಿ ಆರಿಸಿದರೆ, ‘ಮೇಲಿನ’ ಗುಂಪಿನವರಿಗೆ ಹೆಚ್ಚು ಅಂಕ ಇರುವ ಸಾಧ್ಯತೆ 64%. ನೂರರಲ್ಲಿ ಮೂವತ್ತಾರು ಸಲ ತಿರುಗುಮುರುಗು. ಗಂಡಸರು ಹೀಗೆ, ಹೆಂಗಸರು ಹಾಗೆ ಎಂದು ಸರಾಸರಿ ಹಿಡಿದು ಮಾತಾಡುವವರು ಈ ಮೂವತ್ತಾರನ್ನು ಎಲ್ಲಿ ಇಡುತ್ತಾರೆ?

ಇಂಥ ಮಧ್ಯಮ ವ್ಯತ್ಯಾಸ ನಿಜವಾಗಿ ಇದ್ದಾಗ ಅದನ್ನು ನೂರಕ್ಕೆ ಎಂಬತ್ತು ಸಲ ಹಿಡಿಯಬೇಕಾದರೆ ಒಂದೊಂದು ಗುಂಪಿನಲ್ಲೂ 64 ಮಂದಿ ಬೇಕು. ಮೂವತ್ತೇ ಇದ್ದರೆ ಹಿಡಿಯುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆ. ವ್ಯತ್ಯಾಸ ಸಣ್ಣದಾಗಿದ್ದರೆ ತಲಾ 390ಕ್ಕೂ ಹೆಚ್ಚು ಮಂದಿ ಬೇಕು. ಮಾದರಿ ದೊಡ್ಡದಾದಂತೆ ಸರಾಸರಿಯ ತೂಗಾಟ ಕಡಿಮೆಯಾಗುತ್ತದೆ, ಆದರೆ ವರ್ಗಮೂಲದ ಲೆಕ್ಕದಲ್ಲಿ: ತೂಗಾಟ ಅರ್ಧವಾಗಬೇಕಾದರೆ ಜನ ನಾಲ್ಕು ಪಟ್ಟು ಬೇಕು. ಬುದ್ಧಿಮತ್ತೆಯ ಅಂಕದ ಎಸ್‌ಡಿ 15. ಇಪ್ಪತ್ತೈದು ಮಂದಿಯ ಸರಾಸರಿಯ ಮಾನಕ ದೋಷ 3, ನೂರು ಮಂದಿಯದಾದರೆ 1.5. ಎಸ್‌ಡಿ ಎಂಬುದು ಜನರ ಹರವು, ಮಾನಕ ದೋಷ ಎಂಬುದು ನಮ್ಮ ಅಂದಾಜಿನ ಹರವು. ಜನ ಹೆಚ್ಚಿದರೆ ಎರಡನೆಯದು ಕುಗ್ಗುತ್ತದೆ, ಮೊದಲನೆಯದು ಇದ್ದ ಹಾಗೇ ಇರುತ್ತದೆ.

ಸಣ್ಣ ಮಾದರಿಯ ಇನ್ನೊಂದು ಅಪಾಯ ಮೇಲ್ನೋಟಕ್ಕೆ ಕಾಣುವುದಿಲ್ಲ. ತಲಾ ಮೂವತ್ತು ಮಂದಿಯಿಂದ 0.05ರ ಗೆರೆ ದಾಟಬೇಕಾದರೆ ಅಂತರ ಸಾಕಷ್ಟು ದೊಡ್ಡದಾಗಿಯೇ ಬರಬೇಕು. ಹಾಗಾಗಿ ಗೆರೆ ದಾಟಿ ಪತ್ರಿಕೆಯಲ್ಲಿ ಅಚ್ಚಾಗುವುದು ಅದೃಷ್ಟದಿಂದ ಉಬ್ಬಿದ ಅಂತರಗಳೇ. ಇದರ ಬೆಲೆ ಮನಃಶಾಸ್ತ್ರ ಬಹಿರಂಗವಾಗಿ ತೆತ್ತಿದೆ. ಡ್ಯಾರಿಲ್ ಬೆಮ್ ಎಂಬ ಹೆಸರಾಂತ ಮನಃಶಾಸ್ತ್ರಜ್ಞ 2011ರಲ್ಲಿ ಒಂಬತ್ತು ಪ್ರಯೋಗಗಳಿಂದ, ಜನರಿಗೆ ಭವಿಷ್ಯ ಮೊದಲೇ ತಿಳಿಯುತ್ತದೆ ಎಂಬಂಥ ತೀರ್ಮಾನವನ್ನು ಪ್ರತಿಷ್ಠಿತ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅದೇ ವರ್ಷ ಸಿಮನ್ಸ್, ನೆಲ್ಸನ್, ಸಿಮನ್‌ಸನ್ ಎಂಬ ಮೂವರು, ಬೀಟಲ್ಸ್ ತಂಡದ ಒಂದು ಹಾಡು ಕೇಳಿದವರ ವಯಸ್ಸು ಒಂದೂವರೆ ವರ್ಷ ಕಡಿಮೆಯಾಯಿತು ಎಂದು ಅಂಕಿಸಮೇತ ‘ಸಾಬೀತು’ ಮಾಡಿದರು. ಒಂದು ಅಂಕಿಯನ್ನೂ ಅವರು ಸುಳ್ಳು ಬರೆದಿರಲಿಲ್ಲ. ಫಲಿತಾಂಶ ಬರುವವರೆಗೆ ಜನರನ್ನು ಸೇರಿಸುತ್ತ ಹೋಗುವುದು, ಹಲವು ಅಳತೆ ತೆಗೆದು ಒಪ್ಪುವುದನ್ನಷ್ಟೇ ಹೇಳುವುದು, ಗುಂಪುಗಳಲ್ಲಿ ಒಂದನ್ನು ಕೈಬಿಡುವುದು, ಇಂಥ ಸಣ್ಣ ಸಣ್ಣ ಸ್ವಾತಂತ್ರ್ಯ ತೆಗೆದುಕೊಂಡರೆ 5% ಇರಬೇಕಾದ ಹುಸಿ ಫಲಿತಾಂಶ 61%ರ ಹತ್ತಿರ ಹೋಗುತ್ತದೆ ಎಂದು ತೋರಿಸುವುದೇ ಅವರ ಉದ್ದೇಶ.

ನಾಲ್ಕು ವರ್ಷದ ನಂತರ, 2015ರಲ್ಲಿ, ಬ್ರಯನ್ ನೊಸೆಕ್ ಮುಂದಾಳತ್ವದ ದೊಡ್ಡ ತಂಡ ಮನಃಶಾಸ್ತ್ರದ 100 ಪ್ರಕಟಿತ ಪ್ರಯೋಗಗಳನ್ನು ಮತ್ತೆ ಮಾಡಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಕೊಟ್ಟಿತು. ಮೂಲದಲ್ಲಿ 97% ಗೆರೆ ದಾಟಿದ್ದವು, ಮರುಪ್ರಯೋಗದಲ್ಲಿ ದಾಟಿದ್ದು 36%. ಪರಿಣಾಮದ ಗಾತ್ರ ಸರಾಸರಿ ಅರ್ಧಕ್ಕೆ ಇಳಿದಿತ್ತು. ಇದನ್ನು ಓದಿ ಮನಃಶಾಸ್ತ್ರದ ಬಗ್ಗೆಯೇ ನಂಬಿಕೆ ಕಳೆದುಕೊಂಡ ವಿದ್ಯಾರ್ಥಿಗಳುಂಟು. ನನಗೆ ಮಾತ್ರ ಈ ಶಾಸ್ತ್ರದ ಮೇಲೆ ಗೌರವ ಹೆಚ್ಚಿದ್ದು ಇದರಿಂದಲೇ. ತನ್ನ ಮನೆಯ ಕಸವನ್ನು ತಾನೇ ಎಣಿಸಿ ಬೀದಿಗೆ ತಂದಿಟ್ಟ ವಿಜ್ಞಾನ ಇದು. ಎಷ್ಟು ಮಂದಿಯನ್ನು ತೆಗೆದುಕೊಳ್ಳುತ್ತೇವೆ, ಯಾವ ಅಳತೆ, ಯಾವ ಪರೀಕ್ಷೆ ಎಂಬುದನ್ನು ಪ್ರಯೋಗಕ್ಕೆ ಮೊದಲೇ ಬರೆದು ನೋಂದಾಯಿಸುವ ಪದ್ಧತಿ ಆಮೇಲೆ ಹಬ್ಬಿತು. ನಮ್ಮ ವಿಭಾಗಗಳಲ್ಲಿ ಇದಕ್ಕೆ ಹಣ ಬೇಡ, ಯಂತ್ರ ಬೇಡ. ಮಾರ್ಗದರ್ಶಕರ ಮೇಜಿನ ಮೇಲೆ ತಾರೀಖು ಹಾಕಿದ ಒಂದು ಹಾಳೆ ಇದ್ದರೆ ಶುರು ಮಾಡಬಹುದು.

ಆಪ್ತಸಮಾಲೋಚನೆಯ ಕೆಲಸಕ್ಕೆ ಹೋಗುವವರು ಇನ್ನೊಂದನ್ನು ಬಿಡಿಸಿ ನೋಡಲೇಬೇಕು. ಇಸ್ರೇಲ್ ವಾಯುಪಡೆಯ ತರಬೇತುದಾರರು, ಹೊಗಳಿದರೆ ಹುಡುಗರು ಕೆಡುತ್ತಾರೆ, ಬೈದರೆ ಸುಧಾರಿಸುತ್ತಾರೆ ಎಂದು ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರೊಡನೆ ವಾದಿಸಿದ ಪ್ರಸಂಗ ಪ್ರಸಿದ್ಧ. ತೀರಾ ಚೆನ್ನಾಗಿ ಹಾರಿಸಿದ ದಿನದ ಮರುದಿನ ಸಾಧಾರಣವಾಗುವುದು, ತೀರಾ ಕೆಟ್ಟ ದಿನದ ಮರುದಿನ ಸ್ವಲ್ಪ ಮೇಲಾಗುವುದು ಹೊಗಳಿಕೆ ಬೈಗುಳಗಳಿಲ್ಲದೆಯೂ ನಡೆಯುತ್ತದೆ. ಸರಾಸರಿಯ ಕಡೆಗೆ ಮರಳುವ ಈ ಗುಣವನ್ನು ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1880ರ ದಶಕದಲ್ಲೇ ತಂದೆ-ತಾಯಿ ಮತ್ತು ಮಕ್ಕಳ ಎತ್ತರದಲ್ಲಿ ಗುರುತಿಸಿದ್ದರು. ಈಗ ಯೋಚಿಸಿ: ಜನ ಸಲಹೆ ಕೇಳಿ ಬರುವುದು ತಮ್ಮ ಅತಿ ಕೆಟ್ಟ ದಿನಗಳಲ್ಲಿ. ಎಂಟು ವಾರದ ನಂತರ ಖಿನ್ನತೆಯ ಅಂಕ ಇಳಿದಿದ್ದರೆ ಅದರಲ್ಲಿ ಚಿಕಿತ್ಸೆಯ ಪಾಲೆಷ್ಟು, ತಾನಾಗಿ ಇಳಿದದ್ದೆಷ್ಟು? ಹೋಲಿಸಲು ಇನ್ನೊಂದು ಗುಂಪು ಇಲ್ಲದಿದ್ದರೆ ಈ ಪ್ರಶ್ನೆಗೆ ಉತ್ತರವಿಲ್ಲ. ಮುಂಚೆ-ಆಮೇಲೆ ಎಂದು ಎರಡೇ ಕಂಬ ನಿಲ್ಲಿಸಿ ತೋರಿಸುವ ಚಿತ್ರಗಳನ್ನು ನಾನು ನಂಬುವುದಿಲ್ಲ.

ಎಪ್ಪತ್ತರ ಗೆರೆ

ಹರವಿನ ಲೆಕ್ಕ ಒಬ್ಬ ವ್ಯಕ್ತಿಯ ಜೀವದ ಪ್ರಶ್ನೆಯಾಗಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದುಂಟು. ಬೌದ್ಧಿಕ ಅಂಗವೈಕಲ್ಯ ಇರುವವರನ್ನು ಗಲ್ಲಿಗೇರಿಸುವುದು ಸಂವಿಧಾನಬಾಹಿರ ಎಂದು ಆ ಕೋರ್ಟು 2002ರಲ್ಲಿ ಹೇಳಿತ್ತು. ಫ್ಲಾರಿಡಾ ರಾಜ್ಯ, ಬುದ್ಧಿಮತ್ತೆಯ ಅಂಕ 70 ಅಥವಾ ಅದಕ್ಕಿಂತ ಕಡಿಮೆ ಇಲ್ಲದಿದ್ದರೆ ಬೇರೆ ಯಾವ ಸಾಕ್ಷ್ಯವನ್ನೂ ಕೇಳುವುದಿಲ್ಲ ಎಂಬ ನಿಯಮ ಇಟ್ಟುಕೊಂಡಿತ್ತು. ಮರಣದಂಡನೆಗೆ ಗುರಿಯಾಗಿದ್ದ ಹಾಲ್ ಎಂಬವರ ಅಂಕ 71. ಹಾಲ್ ವಿರುದ್ಧ ಫ್ಲಾರಿಡಾ ಪ್ರಕರಣದಲ್ಲಿ 2014ರಲ್ಲಿ ನಾಲ್ಕರ ಎದುರು ಐವರು ನ್ಯಾಯಮೂರ್ತಿಗಳು ಆ ನಿಯಮವನ್ನು ತಳ್ಳಿಹಾಕಿದರು. ಯಾವ ಪರೀಕ್ಷೆಗೂ ಅಳತೆಯ ಮಾನಕ ದೋಷ ಇರುತ್ತದೆ, ಅದನ್ನು ಕಡೆಗಣಿಸಿ ಒಂದೇ ಅಂಕಿಯ ಮೇಲೆ ಗೆರೆ ಎಳೆಯಬಾರದು ಎಂಬುದು ತೀರ್ಪಿನ ತಿರುಳು.

ನಮ್ಮಲ್ಲೂ ಇದೇ 70ರ ಗೆರೆಯ ಆಚೀಚೆ ಮಕ್ಕಳ ಪ್ರಮಾಣಪತ್ರ, ಮಾಸಾಶನ, ಶಾಲೆಯ ಸವಲತ್ತು ತೂಗಾಡುತ್ತವೆ. ಎಸ್‌ಡಿ 15 ಇರುವ, ವಿಶ್ವಾಸಾರ್ಹತೆ 0.90 ಇರುವ ಒಳ್ಳೆಯ ಪರೀಕ್ಷೆಯನ್ನೇ ತೆಗೆದುಕೊಳ್ಳಿ. 0.90ನ್ನು 1ರಿಂದ ಕಳೆದು, ಉಳಿದ 0.10ರ ವರ್ಗಮೂಲವನ್ನು 15ರಿಂದ ಗುಣಿಸಿದರೆ ಅಳತೆಯ ಮಾನಕ ದೋಷ 4.7. ಒಂದು ಮಗುವಿಗೆ 72 ಬಂದರೆ 95% ವ್ಯಾಪ್ತಿ ಸುಮಾರು 63ರಿಂದ 81. ಗೆರೆ ಇದರ ಹೊಟ್ಟೆಯೊಳಗೇ ಇದೆ. ಮಗು ಆ ದಿನ ಬಸ್ಸಿನಲ್ಲಿ ಬಳಲಿ ಬಂದಿತ್ತೋ, ಪರೀಕ್ಷೆ ಮಾಡಿದವರ ಕನ್ನಡ ಅದಕ್ಕೆ ಒಗ್ಗಿತ್ತೋ ಇಲ್ಲವೋ ಎಂಬುದರ ಮೇಲೆ ಎರಡು ಅಂಕ ಆಚೀಚೆ ಆಗುವುದು ದೊಡ್ಡ ವಿಷಯವಲ್ಲ.

ಇದರ ಜೊತೆಗೆ ಮಾನದಂಡದ ವಯಸ್ಸಿನ ಪ್ರಶ್ನೆಯೂ ಇದೆ. ಕರ್ನಾಟಕದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಬಿನೆ–ಕಾಮತ್ ಪರೀಕ್ಷೆಯನ್ನು ವಿ. ವಿ. ಕಾಮತ್ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದ್ದು ಸ್ವಾತಂತ್ರ್ಯಕ್ಕೆ ಮೊದಲು. ಅಂದಿನ ಮಟ್ಟಿಗೆ ಅದು ದೊಡ್ಡ ಸಾಧನೆ, ನಮ್ಮ ಮಕ್ಕಳನ್ನು ನಮ್ಮ ಮಕ್ಕಳೊಡನೆಯೇ ಹೋಲಿಸಬೇಕೆಂಬ ಕಾಳಜಿ ಅದರ ಹಿಂದಿತ್ತು. ಆದರೆ ಮಾದರಿಯೊಂದು ತನ್ನ ಕಾಲದ ಜನರನ್ನಷ್ಟೇ ಪ್ರತಿನಿಧಿಸಬಲ್ಲದು. ಅಮೆರಿಕದಲ್ಲಿ ಬುದ್ಧಿಮತ್ತೆಯ ಅಂಕಗಳು ದಶಕಕ್ಕೆ ಸುಮಾರು 3ರಂತೆ ಏರುತ್ತ ಬಂದದ್ದನ್ನು ಸಂಶೋಧಕ ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿದರು. ಹಳೆಯ ಮಾನದಂಡದಿಂದ ಅಳೆದರೆ ಇವತ್ತಿನ ಮಗುವಿನ ಅಂಕ ಉಬ್ಬಿ ಬರಬಹುದು, ನೆರವು ಬೇಕಾದ ಮಗು ಗೆರೆಯ ಮೇಲೆ ಉಳಿದು ನೆರವು ತಪ್ಪಬಹುದು.

ಮನಃಶಾಸ್ತ್ರ ವಿಭಾಗಗಳ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರಾಯೋಗಿಕ ತರಗತಿಯ ರೆಕಾರ್ಡ್ ಪುಸ್ತಕದಲ್ಲಿ ವಿದ್ಯಾರ್ಥಿ ‘ಬುದ್ಧಿಮತ್ತೆ: 72’ ಎಂದು ಬರೆದು ತಂದರೆ ಸಹಿ ಹಾಕಬೇಡಿ. ಯಾವ ಪರೀಕ್ಷೆ, ಅದರ ಮಾನದಂಡ ಯಾವ ವರ್ಷದ್ದು, ಯಾವ ಭಾಷೆಯಲ್ಲಿ ಮಾಡಿದ್ದು, 95% ವ್ಯಾಪ್ತಿ ಎಷ್ಟು ಎಂದು ಕೆಳಗೆ ಎರಡು ಸಾಲು ಬರೆಸಿ. ಮೊದಲ ಸೆಮಿಸ್ಟರ್‌ನಲ್ಲೇ ಬರೆಸಿ, ಆಸ್ಪತ್ರೆಯ ಲೆಟರ್‌ಹೆಡ್ ಮೇಲೆ ಬರೆಯುವ ಹೊತ್ತಿಗೆ ಅದು ಕೈಗೆ ಕೂತಿರಲಿ.